ಹಸಿರು ಹೂವಿಗೆ ಬಿಳಿ ಅಂತ ಹೆಸರು

ಇದು ನೋಡಿ, ಮಂಗಳೂರಿನ ಈ ಸೆಕೆಯಲ್ಲಿ ನಮ್ಮ ಟೆರೇಸಿನ ಶೇಡ್ ನೆಟ್ ಕೆಳಗೆ 8 ತಿಂಗಳು ಕಾದು ಕಾದು ಬಂದ ಹೂ, ಪ್ಯಾಫಿಯೋಪೆಡಿಲಮ್ ಮೌಡಿಯೇ ಅಂತ ಒಂದು ಆರ್ಕಿಡ್, ಟ್ಯಾಗಲ್ಲಿ ಆಲ್ಬಮ್ ಅಂತ ಬರ್ದಿತ್ತು, ಲ್ಯಾಟಿನಲ್ಲಿ ಹಾಗಂದ್ರೆ ಬಿಳಿ ಅಲ್ವಾ, ನಾನು ಶಂಕರಪುರ ಮಲ್ಲಿಗೆ ಹಾಗೆ ಬೆಳ್ಳಗೆ ಅರಳ್ತದೆ ಅಂತ ಕೂತಿದ್ರೆ ಬಂದದ್ದು ಇದು, ಮೇಲಿನ ಬಿಳಿ ಎಸಳಿಗೂ ಹಸಿರು ಗೆರೆ, ಕೆಳಗೆ ಚೀಲ ಉಂಟಲ್ಲ ಅದಂತೂ ಪೂರ್ತಿ ಎಳೆ ಸೌತೆಕಾಯಿ ಬಣ್ಣ. ಕೊಟ್ಟವ್ರು ಟೋಪಿ ಹಾಕಿದ್ರು ಅಂತಲೇ ಅನ್ನಿಸ್ತು ಮಾರ್ರೆ.

ತಪ್ಪು ನಂದೇ. ಆರ್ಕಿಡ್‌ನವ್ರು ಆಲ್ಬಾ, ಆಲ್ಬಮ್ ಅಂತ ಹೇಳುದು ಇಲ್ಲದ ಬಣ್ಣ ನೋಡಿ. ಆಂಥೋಸಯನಿನ್ ಅಂತ ಒಂದು ಪಿಗ್ಮೆಂಟ್, ಕೆಂಪು ನೇರಳೆ ಎಲ್ಲ ಬರುದು ಅದ್ರಿಂದ, ಅದು ಇಲ್ಲದಿದ್ರೆ ಆಯ್ತು, ಹಸಿರು ಹಳದಿ ಉಳಿದ್ರೂ ಹೆಸರು ಆಲ್ಬಾನೇ. ಝೂಮ್ ಮಾಡ್ತೇನೆ, ದಂಟು ನೋಡಿ, ಬುಡದಿಂದ ತುದಿವರೆಗೆ ಹಸಿರು, ಒಂದು ಚುಕ್ಕೆ ಕೆಂಪಿಲ್ಲ.

ಇದೇ ಮೌಡಿಯೇ ಗುಂಪಲ್ಲಿ ಮಾಮೂಲಿ ನೇರಳೆ ಗೆರೆಯದ್ದಕ್ಕೆ ಕೊಲೊರೇಟಮ್, ಕಪ್ಪು ಕೆಂಪಿನದ್ದಕ್ಕೆ ವಿನಿಕಲರ್, ಅಂದ್ರೆ ವೈನ್ ಬಣ್ಣ. ಅಮ್ಮನಿಗೆ ಹೇಳಿದ್ರೆ "ವೈನ್ ಎಂತಕ್ಕೆ ಮಾರಾಯ, ಪುನರ್ಪುಳಿ ಅಂತ ಹೇಳು" ಅಂದ್ರು. ತಮಾಷೆ ಎಂತ ಗೊತ್ತುಂಟಾ, ಪುನರ್ಪುಳಿ ಶರಬತ್ತಿನ ಕೆಂಪು ಕೂಡ ಆಂಥೋಸಯನಿನ್ನೇ!

ಕ್ಯಾಟ್ಲಿಯಾ ಅಂತ ಇನ್ನೊಂದು ಆರ್ಕಿಡ್ ಉಂಟು, ಅದ್ರಲ್ಲಿ ಇನ್ನೂ ಗಮ್ಮತ್ತು. ಎಸಳೆಲ್ಲ ಬಿಳಿ, ತುಟಿಗೆ, ಅಂದ್ರೆ ಕೆಳಗಿನ ದೊಡ್ಡ ಎಸಳಿಗೆ, ಮಾತ್ರ ಬಣ್ಣ ಇದ್ರೆ ಸೆಮಿ ಆಲ್ಬಾ. ಸೆರುಲಿಯಾ ಅಂದ್ರೆ ನೀಲಿ, ಆದ್ರೆ ಶಂಖಪುಷ್ಪದ ನೀಲಿ ಎಲ್ಲ ಕನಸು ಕಾಣ್ಬೇಡಿ, ತಿಳಿ ನೇರಳೆಗೆ ಸ್ವಲ್ಪ ಬೂದಿ ಕಲಸಿದ ಹಾಗೆ ಇರ್ತದೆ, ಮಾರುವವ್ರ ಫೋಟೋದಲ್ಲಿ ಕಾಣುವ ನೀಲಿ ಅರ್ಧಕ್ಕರ್ಧ ಎಡಿಟಿಂಗ್ ಅಂತ ನನ್ನ ಲೆಕ್ಕ. ಮತ್ತೆ ಎರಡು ಆಲ್ಬಾ ಕ್ರಾಸ್ ಮಾಡಿದ್ರೆ ಮರಿಯೂ ಬಿಳಿ ಅಂತ ಗ್ಯಾರಂಟಿ ಇಲ್ಲ, ಒಂದರಲ್ಲಿ ಕೈಕೊಟ್ಟ ಜೀನ್ ಬೇರೆ, ಇನ್ನೊಂದರಲ್ಲಿ ಬೇರೆ ಆಗಿದ್ರೆ ಒಂದರ ಕೊರತೆ ಇನ್ನೊಂದು ತುಂಬಿಸಿ ಮರಿಗೆ ನೇರಳೆ ಹೂ ಬರ್ತದೆ, ಅಪ್ಪ ಅಮ್ಮ ಇಬ್ರೂ ಬಿಳಿ ಆಯ್ತಾ.

ನಮ್ಮ ಕಾರ್ಕಳದ ಅಜ್ಜಿ ಮನೆ ಹಲಸಿನ ಮರದಲ್ಲಿ ಸೀತಾಳೆ ದಂಡೆ ಬಿಡ್ತದಲ್ಲ, ನೇರಳೆ ಚುಕ್ಕೆದು, ಅದೂ ಆರ್ಕಿಡ್ಡೇ, ಅದ್ರಲ್ಲೂ ಅಪರೂಪಕ್ಕೆ ಚುಕ್ಕೆ ಇಲ್ಲದ ಬಿಳಿ ಉಂಟು, ಅದಕ್ಕೂ ಆಲ್ಬಾ ಅಂತಲೇ ಹೇಳುದು.

ಮೊನ್ನೆ ಮಳೆಗೆ ಟ್ಯಾಗಿನ ಅಕ್ಷರ ಅಳಿಸಿ ಹೋಯ್ತು. ಹೊಸದು ಬರಿವ ಅಂತ ಬಂದ್ರೆ ಅಮ್ಮ ಆಗ್ಲೇ ಐಸ್‌ಕ್ರೀಮ್ ಕಡ್ಡಿ ಚುಚ್ಚಿ ಆಗಿದೆ, ಮಾರ್ಕರಲ್ಲಿ ಬರ್ದಿದ್ದಾರೆ ನೋಡಿ: ಪುನರ್ಪುಳಿ ಹಾಕದ್ದು.