ಮಾತಿಗೆ ಗೆರೆ ಎಳೆಯುವವರು ಯಾರು?

ಎಲ್ಲರಿಗೂ ನಮಸ್ಕಾರ.

ಸಂವಿಧಾನ ದಿನದ ಈ ಸಭೆಗೆ ವಾಕ್ ಸ್ವಾತಂತ್ರ್ಯದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಸ್ವಾತಂತ್ರ್ಯವೇ ಬೇಡ ಅನ್ನುವವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಜಗಳವೆಲ್ಲ ಇರುವುದು ಅದರ ಮಿತಿಯ ಬಗ್ಗೆ. ಹಾಗಾಗಿ ನಾನು ಇವತ್ತು ಮಿತಿಯ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ಮಿತಿ ಇರಬೇಕು. ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ತಕರಾರು ಇರುವುದು ಆ ಗೆರೆಯನ್ನು ಈಗ ಎಳೆಯುತ್ತಿರುವ ರೀತಿಯ ಬಗ್ಗೆ. ಒಂದು ನಾಟಕ ನಡೆಯಬೇಕು ಅಂದುಕೊಳ್ಳಿ. ನಾಲ್ಕು ಜನ ಬಂದು, ನಮಗೆ ನೋವಾಗಿದೆ, ನಿಲ್ಲಿಸಿ, ಇಲ್ಲದಿದ್ದರೆ ಮುಂದೆ ಆಗುವುದಕ್ಕೆ ನಾವು ಹೊಣೆಯಲ್ಲ ಅನ್ನುತ್ತಾರೆ. ಪೊಲೀಸರು ಬರುತ್ತಾರೆ. ಬಂದು ಬುದ್ಧಿ ಹೇಳುವುದು ಯಾರಿಗೆ? ನಾಟಕದವರಿಗೆ. ‘ಸುಮ್ನೆ ಯಾಕೆ ಸರ್ ತೊಂದರೆ, ಇವತ್ತೊಂದು ದಿನ ಬಿಟ್ಟುಬಿಡಿ.’ ಗಲಾಟೆ ಮಾಡುತ್ತೇವೆ ಅಂದವರು ಗೆದ್ದು ಮನೆಗೆ ಹೋಗುತ್ತಾರೆ. ಗಲಾಟೆ ಮಾಡುವವರನ್ನು ಬಿಟ್ಟು ಮಾತಾಡುವವರನ್ನು ಯಾಕೆ ಹಿಡಿಯುತ್ತೀರಿ? ಇದೇ ನನ್ನ ಪ್ರಶ್ನೆ. ಇದನ್ನು ಇನ್ನೂ ಎರಡು ಮೂರು ಸಲ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

1950ಕ್ಕೆ ಹೋಗೋಣ. ಸಂವಿಧಾನ ಜಾರಿಗೆ ಬಂದು ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಮುಂಬಯಿಯಿಂದ ಬರುತ್ತಿದ್ದ ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ತನ್ನ ರಾಜ್ಯದೊಳಗೆ ಬರಲೇಬಾರದು ಅಂತ ಮದ್ರಾಸ್ ಸರ್ಕಾರ ಆದೇಶ ಮಾಡಿತು. ಅತ್ತ ದೆಹಲಿಯಲ್ಲಿ ಬಲಪಂಥೀಯರ ‘ಆರ್ಗನೈಸರ್’ ಪತ್ರಿಕೆಗೆ ಇನ್ನೊಂದು ಆದೇಶ. ಕೋಮು ವಿಚಾರ, ಪಾಕಿಸ್ತಾನದ ಸುದ್ದಿ ಏನೇ ಇದ್ದರೂ ಅಚ್ಚಿಗೆ ಹೋಗುವ ಮೊದಲು ನಮಗೆ ತೋರಿಸಿ ಅಂತ. ಎರಡೂ ಪತ್ರಿಕೆಯವರು ಸುಪ್ರೀಂ ಕೋರ್ಟಿಗೆ ಹೋದರು. ಇವರಿಬ್ಬರಿಗೆ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಆದರೂ 1950ರ ಮೇ 26ರಂದು, ಒಂದೇ ದಿನ, ಇಬ್ಬರೂ ಗೆದ್ದರು. ಎಡದವರ ಮಾತು ಉಳಿಯಲು ಕಾರಣವಾದ ವಾದವೇ ಬಲದವರ ಮಾತನ್ನೂ ಉಳಿಸಿತು. ಇದನ್ನು ನಾನು ಎಷ್ಟು ಸಭೆಯಲ್ಲಿ ಹೇಳಿದರೂ ನನಗೆ ಸಾಕಾಗುವುದಿಲ್ಲ. ನಮ್ಮವರ ಮಾತಿಗೆ ಮಾತ್ರ ಸ್ವಾತಂತ್ರ್ಯ ಕೇಳುವ ಎಲ್ಲರೂ ಆ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಮರುವರ್ಷ, 1951ರ ಜೂನ್‌ನಲ್ಲಿ, ಸಂವಿಧಾನದ ಮೊದಲ ತಿದ್ದುಪಡಿ ಬಂತು. ಮಾತಿಗೆ ಯಾವ ಯಾವ ಕಾರಣಕ್ಕೆ ನಿರ್ಬಂಧ ಹಾಕಬಹುದು ಅಂತ ಹೇಳುವ 19(2)ನೇ ವಿಧಿಗೆ ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ, ವಿದೇಶಗಳೊಡನೆ ಸ್ನೇಹ ಅನ್ನುವ ಹೊಸ ಕಾರಣಗಳು ಸೇರಿದವು. ನಿರ್ಬಂಧ ಏನಿದ್ದರೂ ಸಮಂಜಸವಾಗಿರಬೇಕು ಅನ್ನುವ ಷರತ್ತೂ ಆಗಲೇ ಬಂತು. ಇವತ್ತು ಆ ಪಟ್ಟಿಯಲ್ಲಿ ದೇಶದ ಸಾರ್ವಭೌಮತೆ, ಭದ್ರತೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ ಎಲ್ಲ ಇವೆ. ಭಾವನೆಗೆ ಧಕ್ಕೆ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಮನೆಗೆ ಹೋಗಿ ತೆಗೆದು ಓದಿ ನೋಡಿ. ಧಾರ್ಮಿಕ ಭಾವನೆ ಕೆರಳಿಸುವುದನ್ನು ಶಿಕ್ಷಿಸುವ 295ಎ ಕಲಂ ಇತ್ತಲ್ಲ, ಅದನ್ನು 1957ರಲ್ಲಿ ಕೋರ್ಟು ಎತ್ತಿ ಹಿಡಿದದ್ದು ನಿಜ. ಆದರೆ ಬೇಕಂತಲೇ, ಕೆಟ್ಟ ಉದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಅದು ಅನ್ವಯಿಸುತ್ತದೆ ಅಂತಲೂ ಹೇಳಿತು. ಯಾರಿಗೋ ನೋವಾಯಿತು ಅಂದರೆ ಸಾಲದು.

ಗಲಾಟೆಯ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು 1989ರಲ್ಲಿ. ಜಾತಿ ಆಧಾರದ ಮೀಸಲಾತಿಯನ್ನು ಟೀಕಿಸುವ ಒಂದು ತಮಿಳು ಚಿತ್ರ. ಮದ್ರಾಸ್ ಹೈಕೋರ್ಟು ಅದರ ಪ್ರಮಾಣಪತ್ರ ರದ್ದು ಮಾಡಿತ್ತು. ಚಿತ್ರ ತೋರಿಸಿದರೆ ಗಲಭೆ ಆಗುತ್ತದೆ ಅನ್ನುವುದು ವಾದ. ಮೀಸಲಾತಿಯ ಬಗ್ಗೆ ಆ ಚಿತ್ರ ಹೇಳುವುದನ್ನು ನಾನು ಒಪ್ಪುವುದಿಲ್ಲ, ಒಂದು ಮಾತನ್ನೂ ಒಪ್ಪುವುದಿಲ್ಲ. ಆದರೆ ಸುಪ್ರೀಂ ಕೋರ್ಟಿನ ತೀರ್ಪು ಬರೆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ, ನಮ್ಮ ಕರ್ನಾಟಕದವರೇ, ಸರ್ಕಾರಕ್ಕೆ ಕೇಳಿದ್ದು ನಾನು ಕೇಳುತ್ತಿರುವುದನ್ನೇ. ವಿರೋಧಿಸುವವರನ್ನು ನಿಭಾಯಿಸಲು ನಮ್ಮಿಂದ ಆಗುವುದಿಲ್ಲ ಅಂತ ಸರ್ಕಾರ ಕೈ ಚೆಲ್ಲುವಂತಿಲ್ಲ, ಕಾಪಾಡುವುದೇ ಅದರ ಕೆಲಸ ಅಂದರು. ಮಾತಿಗೂ ಅಪಾಯಕ್ಕೂ ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರದ ಸಂಬಂಧ ಇರಬೇಕು ಅಂದರು.

ಇನ್ನೊಂದು ಕತೆ ಹೇಳಲೇಬೇಕು. ಇದು ಮಾತಾಡದೆ ಇದ್ದವರ ಕತೆ. 1985, ಕೇರಳದ ಒಂದು ಶಾಲೆ. ಮೂವರು ಅಣ್ಣ ತಂಗಿಯರು, ಹತ್ತು, ಒಂಬತ್ತು, ಐದನೇ ತರಗತಿ. ಬೆಳಗಿನ ರಾಷ್ಟ್ರಗೀತೆಗೆ ಎಲ್ಲರ ಜೊತೆ ಎದ್ದು ನೆಟ್ಟಗೆ ನಿಲ್ಲುತ್ತಿದ್ದರು. ಹಾಡುತ್ತಿರಲಿಲ್ಲ. ಯೆಹೋವನ ಸಾಕ್ಷಿಗಳು ಅನ್ನುವ ಪಂಥದ ಮನೆಯವರು, ತಮ್ಮ ದೇವರ ಪ್ರಾರ್ಥನೆ ಬಿಟ್ಟು ಬೇರೆ ಯಾವ ಆಚರಣೆಯಲ್ಲೂ ಸೇರಬಾರದು ಅನ್ನುವುದು ಅವರ ನಂಬಿಕೆ. ಇವರಿಗಿಂತ ದೊಡ್ಡ ಮಕ್ಕಳೂ ಹೀಗೇ ನಿಂತು ಅದೇ ಶಾಲೆಯಲ್ಲಿ ಓದಿ ಹೋಗಿದ್ದರು, ಯಾರೂ ಏನೂ ಅಂದಿರಲಿಲ್ಲ. ಒಂದು ದಿನ ಒಬ್ಬ ಶಾಸಕರ ಕಣ್ಣಿಗೆ ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು. ಸರ್ಕಾರ ಸಮಿತಿ ಮಾಡಿತು. ಈ ಮಕ್ಕಳು ಗೀತೆಗೆ ಅಗೌರವ ತೋರಿಸಿಲ್ಲ ಅಂತ ಆ ಸಮಿತಿಯೇ ವರದಿ ಕೊಟ್ಟಿತು. ಆದರೂ ಮೇಲಿನಿಂದ ಸೂಚನೆ ಬಂದು ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ಸರ್ಕಾರದ ಆದೇಶ ಬರುವ ತನಕವಾದರೂ ಕೂರಿಸಿಕೊಳ್ಳಿ ಅಂತ ಅಪ್ಪ ಕೇಳಿಕೊಂಡರು. ಮುಖ್ಯೋಪಾಧ್ಯಾಯಿನಿ, ನನ್ನ ಕೈಯಲ್ಲಿ ಏನೂ ಇಲ್ಲ ಅಂದರು. ಮಕ್ಕಳ ಕಡೆಯವರು ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆ ಮಕ್ಕಳನ್ನು ವಾಪಸ್ ಶಾಲೆಗೆ ಸೇರಿಸಿ ಅಂದರು. ಹಾಡಲೇಬೇಕು ಅಂತ ಯಾವ ಕಾನೂನೂ ಇಲ್ಲ. ಮಾತಿನ ಹಕ್ಕಿನೊಳಗೇ ಸುಮ್ಮನಿರುವ ಹಕ್ಕೂ ಸೇರಿದೆ. ಐದನೇ ತರಗತಿಯ ಮಗುವೊಂದು ಸುಮ್ಮನೆ ನಿಂತರೆ ದೇಶಕ್ಕೆ ಏನಾದೀತು, ಹೇಳಿ?

ಹಾಗಾದರೆ ಯಾವ ಮಾತನ್ನು ತಡೆಯಬೇಕು? ಆಫ್ರಿಕಾದ ರುವಾಂಡಾವನ್ನು ನೆನಪಿಸಿಕೊಳ್ಳಿ. 1994ರಲ್ಲಿ ಅಲ್ಲಿನ ಒಂದು ಖಾಸಗಿ ರೇಡಿಯೊ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದ ಜನರನ್ನು ಜಿರಳೆಗಳು ಅಂತ ಕರೆಯುತ್ತಿತ್ತು. ಹೆಸರು ಹಿಡಿದು, ಇಂಥವರು ಇಂಥಲ್ಲಿ ಇದ್ದಾರೆ ಅಂತ ಪ್ರಸಾರ ಮಾಡುತ್ತಿತ್ತು, ವಾಹನದ ನಂಬರನ್ನೂ ಹೇಳುತ್ತಿತ್ತು. ಸುಮಾರು ನೂರು ದಿನದಲ್ಲಿ ಲಕ್ಷಾಂತರ ಜನ ಸತ್ತರು. ರೇಡಿಯೊದ ಹಿಂದಿದ್ದವರನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಅಪರಾಧಿಗಳು ಅಂತ ತೀರ್ಮಾನಿಸಿತು. ಅಂಥ ಮಾತನ್ನು ತಡೆಯಲೇಬೇಕು, ತಡ ಮಾಡದೆ ತಡೆಯಬೇಕು. ನಮ್ಮಲ್ಲೂ ಒಂದು ಸಮುದಾಯದ ಅಂಗಡಿಗೆ ಬೆಂಕಿ ಹಚ್ಚಿ, ಅವರನ್ನು ಕೊಲ್ಲಿ ಅಂತ ಮೈಕ್ ಹಿಡಿದು ಹೇಳುವವರ ಮೇಲೆ ಕ್ರಮ ಆಗಬೇಕು. ವಿಚಿತ್ರ ಅಂದರೆ, ವ್ಯಂಗ್ಯಚಿತ್ರ ಬರೆದವರ ಮನೆಗೆ ಬೇಗ ತಲುಪುವ ಪೊಲೀಸರು ಅಲ್ಲಿಗೆ ತಲುಪುವುದೇ ಇಲ್ಲ. ಮತ್ತೆ ಅದೇ ಪ್ರಶ್ನೆ. ಹಿಡಿಯಬೇಕಾದವರನ್ನು ಬಿಟ್ಟು ಮಾತಾಡುವವರನ್ನು ಯಾಕೆ ಹಿಡಿಯುತ್ತೀರಿ?

ಚೀಟಿ ಬಂದಿದೆ, ಐದು ನಿಮಿಷ ಅಂತ. ಉಳಿದದ್ದನ್ನು ಬೇಗ ಹೇಳುತ್ತೇನೆ.

2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಬಂದ್ ಯಾಕೆ ಬೇಕು ಅಂತ ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಹೌದು, ಲೈಕ್ ಒತ್ತಿದವಳನ್ನೂ. ಇಂಥ ಬಂಧನಗಳಿಗೆ ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ, ಮೂರನೆಯದಕ್ಕೆ ಮಾತ್ರ ಸರ್ಕಾರ ಕೈ ಹಾಕಬಹುದು ಅಂತ ಕೋರ್ಟು ಹೇಳಿತು. ಕಾನೂನು ಓದುವ ಮಕ್ಕಳು ಆ ತೀರ್ಪನ್ನು ಪೂರ್ತಿ ಓದಿ.

ರಾಜದ್ರೋಹದ ಬಗ್ಗೆ ಬರೆದುಕೊಂಡು ಬಂದದ್ದು ಬಹಳ ಇತ್ತು. ತಿಲಕರನ್ನೂ ಗಾಂಧೀಜಿಯನ್ನೂ ಜೈಲಿಗೆ ಕಳಿಸಿದ 124ಎ ಕಲಮನ್ನು 2022ರ ಮೇನಲ್ಲಿ ಸುಪ್ರೀಂ ಕೋರ್ಟು ತಡೆಹಿಡಿಯಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಅದೇ ಜಾಗದಲ್ಲಿ ಕೂತಿದೆ, ಶಿಕ್ಷೆ ಜೀವಾವಧಿಯ ತನಕ ಇದೆ. ಮಾನಹಾನಿಗೆ ಜೈಲು ಬೇಕಾ, ಪರಿಹಾರ ಕೊಡಿಸಿದರೆ ಸಾಲದಾ ಅನ್ನುವುದು ಇನ್ನೊಂದು ದೊಡ್ಡ ವಿಷಯ. ಅದನ್ನು ಪ್ರಶ್ನೋತ್ತರದಲ್ಲಿ ತೆಗೆದುಕೊಳ್ಳೋಣ. ಹಿಂದಿನ ಸಾಲಿನಲ್ಲಿ ಆಗಲೇ ಒಬ್ಬರು ಕೈ ಎತ್ತಿದ್ದಾರೆ, ಅವರಿಗೆ ಮೈಕ್ ಕೊಡಿ.