ಮನೆ ಹಿಂದಿನ ಹಾಡಿ

ಕೇಳುಗರಿಗೆ ನಮಸ್ಕಾರ.

ಉಡುಪಿಯಲ್ಲಿ ಚಳಿ ಎಲ್ಲುಂಟು ಮಾರಾಯ್ರೆ ಅಂತ ನಗಬೇಡಿ. ಡಿಸೆಂಬರ್ ಕೊನೆಗೆ, ಬೆಳಿಗ್ಗೆ ಆರೂವರೆಗೆ ಅಂಗಳಕ್ಕೆ ಇಳಿದು ನೋಡಿ. ನಾನಂತೂ ತಲೆಗೆ ಬೈರಾಸು ಸುತ್ತಿಕೊಂಡೇ ಹೊರಡುವುದು. ದೂರಕ್ಕೇನೂ ಅಲ್ಲ, ಗದ್ದೆ ದಾಟಿದರೆ ಹಾಡಿ, ಅಂದರೆ ಊರೊಳಗಿನ ಸಣ್ಣ ಕಾಡು. ಮೊದಲೆಲ್ಲ ಕಾಡು ನೋಡಬೇಕು ಅಂತ ಆಗುಂಬೆ ಘಾಟಿ ಹತ್ತುತ್ತಿದ್ದೆ. ಕಾರಿನಿಂದ ಇಳಿದು, ಫೋಟೊ ತೆಗೆದು, ಚಹಾ ಕುಡಿದು ವಾಪಸ್. ಅದೂ ಒಂದು ನೋಡುವುದಾ?

ಈಗ ರಾತ್ರಿ ಮೋಡ ಇರುವುದಿಲ್ಲ. ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಗಾಳಿಯ ತೇವ ತಣ್ಣಗಾದ ಎಲೆ, ಹುಲ್ಲು, ಜೇಡರ ಬಲೆಯ ಮೇಲೆ ಹನಿಯಾಗಿ ಕೂರುತ್ತದೆ. ಮಧ್ಯಾಹ್ನ ಕಣ್ಣಿಗೇ ಬೀಳದ ಬಲೆಗಳು ಬೆಳಿಗ್ಗೆ ಎಲ್ಲಿ ನೋಡಿದರೂ ಇರುತ್ತವೆ.

ಮೊನ್ನೆ ಎರಡು ಕೇಪಳದ ಗಿಡಗಳ ನಡುವೆ ಅಂಥದ್ದೊಂದು ಬಲೆ. ಮಧ್ಯದಲ್ಲಿ ಹಳದಿ ಪಟ್ಟೆಯ ಜೇಡ. ಎಂಟು ಕಾಲನ್ನೂ ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನ ಹಾಗೆ ಕೂತಿತ್ತು. ಕಾಲಿನ ತುದಿಯಿಂದ ಮುಂದಕ್ಕೆ ಬಿಳಿ ದಾರದ ಅಂಕುಡೊಂಕು ಹೊಲಿಗೆ. ಎಳೆ ಎಳೆಯಲ್ಲೂ ಸಾಸಿವೆಗಿಂತ ಸಣ್ಣ ಹನಿಗಳು. ಹತ್ತಿರ ಹೋಗಿ ಉಸಿರು ಬಿಟ್ಟದ್ದೇ ತಪ್ಪಾಯಿತು. ಜೇಡ ಬಲೆಯನ್ನು ಗಡಗಡ ಅಲ್ಲಾಡಿಸಿತು. ಹನಿಗಳೆಲ್ಲ ನನ್ನ ಕನ್ನಡಕಕ್ಕೆ!

ಮುಂದೆ ಹಳೆ ಮುರಕಲ್ಲಿನ ಪಾಗಾರ. ಅದರ ಮೇಲೆ ಗುಲಗಂಜಿ ಬಳ್ಳಿ. ಒಣಗಿದ ಕೋಡು ತಿರುಚಿಕೊಂಡು ಬಾಯಿ ಬಿಟ್ಟಿದೆ, ಕೆಂಪು ಬೀಜ ಮಾತ್ರ ಇನ್ನೂ ಅಂಟಿಕೊಂಡೇ ಇದೆ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದದ್ದು ಇದರಲ್ಲೇ. ಜಗಿದರೆ ವಿಷ, ಮಕ್ಕಳ ಕೈಗೆ ಕೊಡಬೇಡಿ. ಗುಲಗಂಜಿಗೆ ತನ್ನ ಕಪ್ಪು ತಿಳಿಯದು ಅಂತ ಗಾದೆ ಉಂಟಲ್ವಾ? ನನಗೆ ಆ ಕಪ್ಪೇ ಚಂದ.

ಅಷ್ಟರಲ್ಲಿ ತರಗೆಲೆ ಸರಸರ ಅಂದಿತು. ಬಗ್ಗಿ, ಉಸಿರು ಹಿಡಿದು ನಿಂತೆ. ಹಟ್ಟಿಗೆ ಹಾಸಲು ತರಗೆಲೆ ಗುಡಿಸುತ್ತಿದ್ದ ನೆರೆಮನೆಯ ಅಕ್ಕ ಕೇಳಿದರು, "ಎಂತ ಮಾಷ್ಟ್ರೇ, ಕೀ ಬಿತ್ತಾ?"

ನಾನು ಸುಮ್ನೆ ಬೆರಳು ತೋರಿಸಿದೆ. ಪೊದೆಯ ಬುಡದಲ್ಲಿ ನವರಂಗ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದಡಿ ಕುಂಕುಮದ ಕೆಂಪು. ಹಿಮಾಲಯದ ತಪ್ಪಲಿನಿಂದ ಚಳಿಗಾಲ ಕಳೆಯಲು ನಮ್ಮ ಕಡೆ ಬರುವ ಹಕ್ಕಿ. ಕುಪ್ಪಳಿಸುತ್ತಾ ಎಲೆ ಮಗುಚಿ ಮಗುಚಿ ಹುಳ ಹುಡುಕುತ್ತಿತ್ತು.

"ಅದಾ? ಅದು ದಿನಾ ನನ್ನ ಹಿಂದೆಯೇ ಬರ್ತದೆ," ಅಂದರು ಅಕ್ಕ. "ನಾನು ಗುಡಿಸಿದಲ್ಲಿ ಹುಳ ಸಿಗ್ತದಲ್ಲ."

ಮತ್ತೆ ಪೊರಕೆ ಎತ್ತಿಕೊಂಡರು.