ಮಗ ಮಾಡಿದರೆ ಅಪ್ಪ ಮಾಡಿದಂತೆಯೇ?

ನಮಸ್ಕಾರ. ಸರ್ಕಾರಿ ಶಾಲೆಗಳ ಬಗ್ಗೆ ಎಲ್ಲೇ ಚರ್ಚೆ ನಡೆಯಲಿ, ಹತ್ತು ನಿಮಿಷ ಕಳೆಯುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕನ್ನಡ ಮಾಧ್ಯಮದ ಪರವಾಗಿ ಮಾತನಾಡುತ್ತಿರುವವರು ಮಂತ್ರಿಯಾಗಿರಲಿ, ಸಾಹಿತಿಯಾಗಿರಲಿ, ಸಭೆಯ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು ಕೇಳುತ್ತಾರೆ: "ಅದೆಲ್ಲ ಸರಿ ಸ್ವಾಮಿ, ನಿಮ್ಮ ಮಕ್ಕಳು ಓದುವುದು ಎಲ್ಲಿ?" ಅಷ್ಟೇ. ಭಾಷಣಕಾರರ ಮುಖ ಬಾಡುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ.

ಈ ಪ್ರಶ್ನೆ ಒಮ್ಮೆ ನ್ಯಾಯಾಲಯದ ಆದೇಶವೇ ಆಗಿಬಿಟ್ಟಿತ್ತು. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶದ ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಧೀಶರು, ಒಟ್ಟಿನಲ್ಲಿ ಬೊಕ್ಕಸದಿಂದ ಸಂಬಳ ಪಡೆಯುವವರೆಲ್ಲ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಸೇರಿಸಬೇಕು ಎಂದಿತು. ಆದೇಶ ಕಾಗದದಲ್ಲೇ ಉಳಿಯಿತು, ಅದು ಬೇರೆ ಮಾತು. ಅಂದು ದೇಶದ ತುಂಬ ಜನ ಸಂತೋಷಪಟ್ಟರು. ನಾನೂ ಪಟ್ಟೆ.

ಆದರೆ ಈ ಪ್ರಶ್ನೆಗೆ ನೂರಕ್ಕೆ ನೂರು ಅಂಕ ಪಡೆದ ಒಬ್ಬ ನಾಯಕ ನಮ್ಮಲ್ಲಿ ಇದ್ದರು. ಅವರ ಹಿರಿಯ ಮಗನ ಕಥೆ ಓದಿದ ಮೇಲೆ ಆ ಚಪ್ಪಾಳೆಗೆ ನನ್ನ ಕೈ ಮೊದಲಿನಷ್ಟು ಸಲೀಸಾಗಿ ಏಳುತ್ತಿಲ್ಲ.

1897ರ ಜನವರಿ. ಗಾಂಧೀಜಿ ದಕ್ಷಿಣ ಆಫ್ರಿಕದ ಡರ್ಬನ್ ಬಂದರಿನಲ್ಲಿ ಇಳಿದಾಗ ಜೊತೆಗೆ ಮೂವರು ಮಕ್ಕಳಿದ್ದರು. ಅಕ್ಕನ ಮಗ ಹತ್ತು ವರ್ಷದವನು, ತಮ್ಮ ಮಕ್ಕಳು ಹರಿಲಾಲ ಒಂಬತ್ತು, ಮಣಿಲಾಲ ಐದು. ಇವರನ್ನು ಎಲ್ಲಿ ಓದಿಸುವುದು? ಯುರೋಪಿಯನ್ನರ ಶಾಲೆಯಲ್ಲಿ ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಆದರೆ ವಕೀಲ ಗಾಂಧಿಯ ಮಕ್ಕಳಿಗೆ ಬೇಕಾದರೆ ಬಾಗಿಲು ತೆರೆಯುತ್ತಿತ್ತು. ದಯೆಯಿಂದ, ಅಪವಾದವಾಗಿ. ಗಾಂಧೀಜಿ ಬೇಡ ಎಂದರು. ಪಕ್ಕದ ಮನೆಯ ಮಗುವಿಗೆ ಸಿಗದ್ದು ನನ್ನ ಮಗುವಿಗೂ ಬೇಡ ಎಂಬುದು ಅವರ ವಾದ. ಮಿಷನ್ ಶಾಲೆಗಳಿದ್ದವು, ಅವು ಅವರಿಗೆ ಒಗ್ಗಲಿಲ್ಲ. ತಿಂಗಳಿಗೆ 7 ಪೌಂಡ್ ಕೊಟ್ಟು ಒಬ್ಬ ಇಂಗ್ಲಿಷ್ ಶಿಕ್ಷಕಿಯನ್ನು ಮನೆಗೇ ಕರೆಸಿದರು, ಅದರಿಂದಲೂ ಸಮಾಧಾನವಾಗಲಿಲ್ಲ. ಹರಿಲಾಲನನ್ನೂ ಸೋದರಳಿಯನನ್ನೂ ಕೆಲವು ತಿಂಗಳು ಭಾರತದ ವಸತಿ ಶಾಲೆಗೆ ಕಳಿಸಿ, ಮತ್ತೆ ವಾಪಸು ಕರೆಸಿಕೊಂಡರು. ಮಕ್ಕಳು ಅಪ್ಪ ಅಮ್ಮನ ಜೊತೆಯಲ್ಲೇ ಬೆಳೆಯಬೇಕು ಎಂಬುದು ಅವರ ನಂಬಿಕೆ. ಕೊನೆಗೆ ಉಳಿದ ಮೇಷ್ಟರು ಒಬ್ಬರೇ, ಅವರೇ.

ಇಲ್ಲಿಯವರೆಗೆ ನಾನು ಗಾಂಧೀಜಿಯ ಪಕ್ಷ. ಬಣ್ಣ ನೋಡಿ ಬಾಗಿಲು ಮುಚ್ಚುವ ಶಾಲೆಯೊಳಕ್ಕೆ ಹಿಂಬಾಗಿಲಿನಿಂದ ನುಗ್ಗಿ ಕುಳಿತ ಮಗು ಅಲ್ಲಿ ಕಲಿಯುವ ಮೊದಲ ಪಾಠ ಏನು? "ನಾನು ಉಳಿದವರಂತಲ್ಲ" ಎಂಬುದೇ ತಾನೇ?

ಆಮೇಲೆ ಜೋಹಾನ್ಸ್‌ಬರ್ಗ್. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಗಾಂಧೀಜಿ ನಡೆದೇ ಹೋಗುತ್ತಿದ್ದರು, ಒಟ್ಟು ಸುಮಾರು 5 ಮೈಲಿ. ಮಕ್ಕಳು ಜೊತೆಗೆ ಹೆಜ್ಜೆ ಹಾಕಬೇಕು. ಅದೇ ತರಗತಿ. ಕಪ್ಪು ಹಲಗೆಯಿಲ್ಲ, ಘಂಟೆಯಿಲ್ಲ, ಗುಜರಾತಿಯಲ್ಲಿ ಮಾತು, ಮಾತಿನಲ್ಲೇ ಪಾಠ. ಕಚೇರಿ ಬಂತೆಂದರೆ ಕಕ್ಷಿದಾರರು, ಅಲ್ಲಿಗೆ ಪಾಠ ಮುಗಿಯಿತು. ದಿನಕ್ಕೆ ಒಂದೇ ಒಂದು ಗಂಟೆಯನ್ನು ತಪ್ಪದೆ ಅಕ್ಷರಕ್ಕೆ ಕೊಟ್ಟಿದ್ದರೆ ಮಕ್ಕಳಿಗೆ ಆದರ್ಶ ಶಿಕ್ಷಣವೇ ಸಿಕ್ಕಂತಾಗುತ್ತಿತ್ತು ಎಂದು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಆ ಒಂದು ಗಂಟೆ ಸಿಗಲಿಲ್ಲ. ಇಡೀ ಸಮುದಾಯದ ಅಹವಾಲು ಕೇಳಲು ಸಮಯವಿದ್ದ ಮನುಷ್ಯನಿಗೆ ಮನೆಯ ಕಾಪಿ ಪುಸ್ತಕ ನೋಡಲು ಸಮಯವಿರಲಿಲ್ಲ.

ಆ ಮನೆಯಲ್ಲಿ ಪೋಲಕ್ ಎಂಬ ಇಂಗ್ಲಿಷ್ ಗೆಳೆಯರೂ ಇದ್ದರು. ಭಾಷೆಯ ವಿಷಯದಲ್ಲಿ ಇಬ್ಬರಿಗೂ ಜೋರು ಜಗಳ. ಚಿಕ್ಕಂದಿನಿಂದಲೇ ಇಂಗ್ಲಿಷ್ ಕಲಿಸಿದರೆ ಬದುಕಿನ ಓಟದಲ್ಲಿ ಈ ಮಕ್ಕಳು ಉಳಿದವರಿಗಿಂತ ಮುಂದಿರುತ್ತಾರೆ ಎನ್ನುವುದು ಪೋಲಕ್ ಮಾತು. ಎಳವೆಯಿಂದಲೇ ಮಕ್ಕಳನ್ನು ಇಂಗ್ಲಿಷಿನಲ್ಲಿ ಯೋಚಿಸುವಂತೆ ಮಾಡುವ ಭಾರತೀಯ ತಂದೆತಾಯಿ ಮಕ್ಕಳಿಗೂ ದೇಶಕ್ಕೂ ದ್ರೋಹ ಬಗೆಯುತ್ತಾರೆ ಎನ್ನುವುದು ಗಾಂಧೀಜಿಯ ಮಾತು. ನೂರು ವರ್ಷ ದಾಟಿದೆ. ಬೆಂಗಳೂರಿನ ಯಾವುದೇ ಶಾಲೆಯ ಮುಂದೆ ಪ್ರವೇಶದ ಸಾಲಿನಲ್ಲಿ ನಿಂತು ನೋಡಿ, ಇದೇ ಜಗಳ ಗಂಡ ಹೆಂಡಿರ ನಡುವೆ ಇಂದಿಗೂ ನಡೆಯುತ್ತಿರುತ್ತದೆ.

ಆ ನಡಿಗೆಯ ಪಾಠದಲ್ಲಿ ಹರಿಲಾಲ ಇರಲಿಲ್ಲ. ತಮ್ಮಂದಿರು ಅಪ್ಪನ ಜೊತೆ ಹೆಜ್ಜೆ ಹಾಕುತ್ತಿದ್ದಾಗ ಅವನು ಭಾರತದಲ್ಲಿದ್ದ. ಅಪ್ಪನಿಗೆ ಇಷ್ಟವಿಲ್ಲದಿದ್ದರೂ 1906ರಲ್ಲಿ ಮದುವೆಯಾದ. ಆಮೇಲೆ ತಾನೇ ಆಫ್ರಿಕಕ್ಕೆ ಹೋಗಿ ಸತ್ಯಾಗ್ರಹಕ್ಕೆ ಧುಮುಕಿದ.

ಈಗ ನನ್ನನ್ನು ಬಹುಕಾಲ ಕಾಡಿದ ಘಟನೆಗೆ ಬರುತ್ತೇನೆ. 1908. ಪರವಾನಗಿ ಇಲ್ಲದೆ ಬೀದಿ ವ್ಯಾಪಾರ ಮಾಡಿ ಜೈಲಿಗೆ ಹೋಗಿ ಎಂದು ಗಾಂಧೀಜಿ ಭಾರತೀಯರಿಗೆ ಕರೆಕೊಟ್ಟಿದ್ದರು. ಹರಿಲಾಲನಿಗೆ ಆಗ ಇಪ್ಪತ್ತರ ಆಸುಪಾಸು. ಹಣ್ಣು ಮಾರಲು ಹೊರಟ, ಸಿಕ್ಕಿಬಿದ್ದ, ಜೈಲಿಗೆ ಹೋದ. ಮಗನನ್ನು ಏಕೆ ಜೈಲಿಗೆ ಕಳಿಸಿದಿರಿ ಎಂದು ಜನ ಕೇಳಿದರು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಉತ್ತರ ಬರೆದರು. ನಾನು ಎಲ್ಲರಿಗೂ ಬೀದಿ ವ್ಯಾಪಾರ ಮಾಡಿ ಎಂದೆ, ಆದರೆ ನಾನು ನೋಂದಾಯಿತ ವಕೀಲ, ಆ ಕೆಲಸಕ್ಕೆ ನಾನು ಇಳಿಯುವಂತಿಲ್ಲ, ನಾನು ಮಾಡಲಾಗದ್ದನ್ನು ಇತರರಿಗೆ ಹೇಳಲು ಸಂಕೋಚ, ಅದಕ್ಕೇ ಮಗನಿಗೆ ಹೇಳಿದೆ, ನನ್ನ ಮಾತಿನಂತೆ ಮಗ ಮಾಡಿದರೆ ನಾನೇ ಮಾಡಿದಂತೆ. ದೇಶಕ್ಕಾಗಿ ಜೈಲಿಗೆ ಹೋಗುವುದೂ ಹರಿಲಾಲನ ಶಿಕ್ಷಣದ ಒಂದು ಭಾಗ. ಇದು ಆ ಉತ್ತರದ ಸಾರಾಂಶ.

ಮಗ ಮಾಡಿದರೆ ನಾನೇ ಮಾಡಿದಂತೆ! ಎಷ್ಟು ಮುದ್ದಾದ ಮಾತು, ಎಷ್ಟು ಭಯಂಕರವಾದ ಮಾತು. ಹಣ್ಣಿನ ಬುಟ್ಟಿ ಹೊತ್ತದ್ದು ಮಗನ ಕೈ, ಕೈದಿಯಾಗಿ ದುಡಿದದ್ದು ಮಗನ ಮೈ. ಲೆಕ್ಕಕ್ಕೆ ಬಿದ್ದದ್ದು ಅಪ್ಪನ ಖಾತೆಗೆ.

ಇದು ನನಗೆ ಇಷ್ಟು ತಾಗುವುದಕ್ಕೆ ಒಂದು ಸಣ್ಣ ಕಾರಣವಿದೆ. ನಾನು ಮೇಷ್ಟರ ಮಗ. ಅಪ್ಪನ ಶಾಲೆಯಲ್ಲೇ, ಅಪ್ಪನ ತರಗತಿಯಲ್ಲೇ ಓದಿದವನು. ಮಗ್ಗಿ ತಪ್ಪಿದರೆ ಊರಿನ ಮಕ್ಕಳಿಗೆ ಒಂದು ಏಟು, ನನಗೆ ಎರಡು. ಎರಡನೆಯದು ತಪ್ಪಿಗಲ್ಲ. "ಮೇಷ್ಟರು ಮಗನಿಗೆ ಒಲಿದರು" ಎಂದು ಯಾರೂ ಅನ್ನಬಾರದಲ್ಲ, ಅದಕ್ಕೆ. ಅಪ್ಪನ ಒಳ್ಳೆಯ ಹೆಸರಿಗೆ ನನ್ನ ಅಂಗೈ ಕಂದಾಯ ಕಟ್ಟುತ್ತಿತ್ತು. ಅಪ್ಪ ಕೆಟ್ಟವರಾಗಿರಲಿಲ್ಲ. ಊರಿನವರು ಈಗಲೂ ಕೈ ಮುಗಿಯುತ್ತಾರೆ. ನನಗೂ ಗೌರವವಿದೆ. ಎರಡನೆಯ ಏಟು ಮಾತ್ರ ಮರೆತಿಲ್ಲ.

ಹರಿಲಾಲನಿಗೆ ಬಿದ್ದ ಎರಡನೆಯ ಏಟು ಇದು. ಗಾಂಧೀಜಿಯ ಹಳೆಯ ಗೆಳೆಯ, ರಂಗೂನಿನ ಡಾಕ್ಟರ್ ಪ್ರಾಣಜೀವನ ಮೆಹ್ತಾ, ನಿಮ್ಮ ಮಕ್ಕಳಲ್ಲಿ ಒಬ್ಬನನ್ನು ಇಂಗ್ಲೆಂಡಿನಲ್ಲಿ ಓದಿಸುವ ಖರ್ಚು ನನಗಿರಲಿ ಎಂದರು. ಮಗನಿಗೆ ಎನ್ನುವುದು ಬೇಡ, ಅರ್ಹನಾದವನಿಗೆ ಕೊಡೋಣ ಎಂದರು ಗಾಂಧೀಜಿ. ಆಯ್ಕೆಯಾದದ್ದು ಬಂಧುವಿನ ಮಗ ಛಗನಲಾಲ. ಅವರು ಕಾಯಿಲೆ ಬಿದ್ದು ಮರಳಿದರು. ಸರಿ, ಈಗಲಾದರೂ? ಎರಡನೆಯ ಸಲ ಹೋದದ್ದು ಸೊರಾಬ್ಜಿ ಅಡಾಜಾನಿಯಾ ಎಂಬ ಪಾರ್ಸಿ ಸತ್ಯಾಗ್ರಹಿ. ಆ ಹೊತ್ತಿಗೆ ಹರಿಲಾಲ ಜೈಲಿಗೆ ಹೋಗಿ ಬಂದದ್ದು ಒಂದೆರಡು ಸಲವಲ್ಲ, ಆರು ಸಲ. ಜನ ಅವನನ್ನು "ಛೋಟೇ ಗಾಂಧಿ" ಎನ್ನುತ್ತಿದ್ದರು. ಅಪ್ಪ ಇಟ್ಟ ಪರೀಕ್ಷೆಯಲ್ಲೇ ಆರು ಸಲ ತೇರ್ಗಡೆಯಾದವನು ಅರ್ಹನಲ್ಲದಿದ್ದರೆ ಮತ್ತೆ ಯಾರು ಅರ್ಹ?

ಇಲ್ಲಿ ನಾನು ಗಾಂಧೀಜಿಯ ಪಕ್ಷ ಬಿಡುತ್ತೇನೆ. ಡರ್ಬನ್ ಶಾಲೆಯ ಪ್ರಶ್ನೆ ಬೇರೆ, ಇದು ಬೇರೆ. ಅಲ್ಲಿ ನಿರಾಕರಿಸಿದ್ದು ಅನ್ಯಾಯದ ರಿಯಾಯಿತಿ. ಇಲ್ಲಿ ಹರಿಲಾಲನಿಗೆ ತಪ್ಪಿದ್ದು, ಮಗನಲ್ಲದಿದ್ದರೆ ಅವನಿಗೆ ಸಿಗಬಹುದಾಗಿದ್ದ ಅವಕಾಶ. ಪಕ್ಷಪಾತ ಮಾಡಬಾರದು ಎಂಬ ಹಟವೇ ತಿರುವು ಮುರುವಾದ ಪಕ್ಷಪಾತ. ಇನ್ನೊಂದು ಮಾತು, ಹೇಳದಿದ್ದರೆ ತಪ್ಪಾಗುತ್ತದೆ: ಬೇಡ ಎಂದವರು ಸ್ವತಃ ಲಂಡನ್ನಿನ ಇನ್ನರ್ ಟೆಂಪಲ್‌ನಲ್ಲಿ ಓದಿ 1891ರಲ್ಲಿ ಬ್ಯಾರಿಸ್ಟರ್ ಆದವರು. ಆ ಓದನ್ನು ಉಂಡು ನೋಡಿ ಎಲೆ ಸರಿಸುವ ಅಧಿಕಾರ ಅವರಿಗಿತ್ತು. ಮಗನಿಗೆ ಎಲೆಯನ್ನೇ ಹಾಕಲಿಲ್ಲ.

ನಾಯಕರ ಮಕ್ಕಳೆಲ್ಲರ ಗತಿಯೂ ಇದೇ ಅಲ್ಲ. ಆನಂದ ಭವನದ ಇಂದಿರೆಯನ್ನು ನೋಡಿ. ಅಲ್ಲಿ ಕೊರತೆ ಹಣದ್ದಲ್ಲ, ಶಾಲೆಗಳದ್ದೂ ಅಲ್ಲ. ಶಾಲೆಗಳು ಅತಿಯಾದದ್ದೇ ಅಲ್ಲಿನ ತೊಂದರೆ. ತಾತ ಮೋತಿಲಾಲ್ ಅಲಹಾಬಾದಿನ ಒಂದು ಇಂಗ್ಲಿಷ್ ಶಾಲೆಗೆ ಸೇರಿಸಿದರೆ, ಅಪ್ಪ ಜವಾಹರಲಾಲ್ ಅದು ಕಾಂಗ್ರೆಸ್ಸಿನ ಬಹಿಷ್ಕಾರದ ನೀತಿಗೆ ವಿರುದ್ಧ ಎಂದು ತಕರಾರು ತೆಗೆದರು. ಅಪ್ಪ ಮಗನ ವ್ಯಾಜ್ಯ ಗಾಂಧೀಜಿಯವರೆಗೂ ಹೋಯಿತು. ಒಂದು ಹೆಣ್ಣು ಮಗು ಯಾವ ಬೆಂಚಿನ ಮೇಲೆ ಕೂರಬೇಕು ಎಂಬುದು ಪಕ್ಷದ ನಿಲುವಿನ ಪ್ರಶ್ನೆ! ಆಮೇಲೆ ಸ್ವಿಟ್ಜರ್ಲೆಂಡಿನ ಜಿನೀವಾ, ಬೆಕ್ಸ್, ಮತ್ತೆ ಅಲಹಾಬಾದಿನ ಕಾನ್ವೆಂಟು, ಪುಣೆಯ ಶಾಲೆ, ಶಾಂತಿನಿಕೇತನ, ಬ್ರಿಸ್ಟಲ್, ಆಕ್ಸ್‌ಫರ್ಡ್. ತಾಯಿಯ ಕ್ಷಯರೋಗ ಮತ್ತು ತಂದೆಯ ಜೈಲುವಾಸ, ಈ ಎರಡೂ ಅವಳ ವರ್ಗಾವಣೆ ಪತ್ರಕ್ಕೆ ಸಹಿ ಹಾಕುತ್ತಿದ್ದವು. ಶಾಂತಿನಿಕೇತನದಲ್ಲಿ ಒಂದು ವರ್ಷವೂ ನೆಟ್ಟಗೆ ನಿಲ್ಲಲಾಗಲಿಲ್ಲ. 1936ರ ಫೆಬ್ರವರಿ 28ರಂದು ಲೋಸಾನ್‌ನಲ್ಲಿ ತಾಯಿ ಕಮಲಾ ತೀರಿಕೊಂಡಾಗ ಮಗಳಿಗೆ ಹದಿನೆಂಟು. ಆಕ್ಸ್‌ಫರ್ಡಿನಲ್ಲಿ ಲ್ಯಾಟಿನ್ ಕೈಕೊಟ್ಟಿತು, ಪದವಿ ಇಲ್ಲದೆಯೇ ಹಿಂದಿರುಗಿದಳು. ಮುಂದೆ ಅವಳು ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದದ್ದು ನಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು. ಲ್ಯಾಟಿನ್ ಬರುತ್ತದೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಆದರೂ ಆ ಅಪ್ಪ ಒಂದು ಕೆಲಸ ಮಾಡಿದರು. 1930ರ ಅಕ್ಟೋಬರ್ 26. ಮಗಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ನೈನಿ ಸೆರೆಮನೆಯಲ್ಲಿ ಕುಳಿತು, ಇಲ್ಲಿಂದ ಉಡುಗೊರೆ ಏನು ತಾನೇ ಕಳಿಸಲಿ ಎಂದು ಬರೆಯಲು ಶುರುಮಾಡಿದವರು ಮೂರು ವರ್ಷ ನಿಲ್ಲಿಸಲಿಲ್ಲ. ಸುಮಾರು ಇನ್ನೂರು ಪತ್ರಗಳು, ಪ್ರಪಂಚದ ಇತಿಹಾಸವೇ ಪಾಠ. ಗ್ರಂಥಾಲಯವಿಲ್ಲ, ಕೈಯಲ್ಲಿ ಟಿಪ್ಪಣಿಗಳಷ್ಟೇ. ಅದನ್ನು ಶಾಲೆ ಎಂದು ಒಪ್ಪುವುದು ಕಷ್ಟ, ಮಗು ಕೈಯೆತ್ತಿ ಪ್ರಶ್ನೆ ಕೇಳುವಂತಿಲ್ಲ. ಆದರೆ ಆ ಪತ್ರಗಳ ವಿಳಾಸ ಸ್ಪಷ್ಟವಾಗಿತ್ತು. ಅವು ಮಗಳಿಗೆ ಬರೆದವು. ಊರಿಗೆಲ್ಲ ಬರೆದು ಮಗಳಿಗೂ ಒಂದು ಪ್ರತಿ ಇಟ್ಟವಲ್ಲ.

ಹರಿಲಾಲನಿಗೆ ಬೇಕಾಗಿದ್ದದ್ದೂ ಇದೇ ಇರಬಹುದು ಎನಿಸುತ್ತದೆ. ಆಫ್ರಿಕದಲ್ಲಿ ಗಾಂಧೀಜಿ ಹಲವರ ಜೊತೆ ಕೂಡಿ ಬಾಳಿದ ಆಶ್ರಮದಂಥ ನೆಲೆಗಳು ಎರಡು: ಫೀನಿಕ್ಸ್, ಆಮೇಲೆ ಟಾಲ್‌ಸ್ಟಾಯ್ ಫಾರ್ಮ್. ಎರಡೂ ಕಡೆ ಗಾಂಧೀಜಿ ಎಲ್ಲ ಮಕ್ಕಳಿಗೂ ಅಪ್ಪ. ಪೋಕರಿ ಹುಡುಗರ ಜೊತೆ ನಿಮ್ಮ ಮಕ್ಕಳನ್ನೂ ಬಿಟ್ಟರೆ ಹೇಗೆ ಎಂದು ಗೆಳೆಯ ಕಾಲೆನ್‌ಬಾಖ್ ಕೇಳಿದ್ದರು. ನನ್ನ ಮಕ್ಕಳನ್ನು ಬೇರೆ ಮಾಡಿದರೆ ಅವರಿಗೆ ಮೇಲರಿಮೆ ಕಲಿಸಿದಂತಾಗುತ್ತದೆ ಎಂಬುದು ಗಾಂಧೀಜಿಯ ನಿಲುವು. ಸರಿಯಾದ ಮಾತೇ. ಆದರೆ ಎಲ್ಲರ ಅಪ್ಪನಾದವನ ಮಗ ತನ್ನ ಅಪ್ಪನನ್ನು ಎಲ್ಲಿ ಹುಡುಕಬೇಕು?

ಈ ಪ್ರಶ್ನೆಯನ್ನು ಹರಿಲಾಲ ಮುಚ್ಚಿಡಲಿಲ್ಲ. 1915ರಲ್ಲಿ ಅಪ್ಪನಿಗೆ ಒಂದು ಉದ್ದನೆಯ ಪತ್ರ ಬರೆದು, ಅಚ್ಚು ಹಾಕಿಸಿ ಹಂಚಿದ. ಅದರ ಮುಖ್ಯ ದೂರು ವಿದ್ಯೆಯದು. ತಮ್ಮ ಹಿರಿಯ ಮಗ ಖಾಸಗಿಯಾಗಿಯೂ ಪತ್ರಿಕೆಗಳಲ್ಲಿಯೂ ಈ ಸಂಕಟ ತೋಡಿಕೊಂಡಿದ್ದಾನೆ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆಯುತ್ತಾರೆ. ಬರೆದು, ಸ್ವಾತಂತ್ರ್ಯವೋ ವಿದ್ಯೆಯೋ ಎಂದು ಬಂದರೆ ಸ್ವಾತಂತ್ರ್ಯವೇ ಸಾವಿರ ಪಾಲು ಮೇಲು ಎನ್ನುತ್ತಾರೆ. ಸಾವಿರ ಪಾಲು ಮೇಲು ಹೌದು. ಆರಿಸಿಕೊಂಡವರು ಯಾರು?

ಕುಡಿತ, ಸಾಲ, 1936ರಲ್ಲಿ ಮತಾಂತರವಾಗಿ ಅಬ್ದುಲ್ಲಾ ಎಂಬ ಹೆಸರು, ಮತ್ತೆ ಹಿಂದಕ್ಕೆ. ಹರಿಲಾಲನ ಮುಂದಿನ ಬದುಕನ್ನು ಎಲ್ಲರೂ ಚಪ್ಪರಿಸಿಕೊಂಡು ಹೇಳುತ್ತಾರೆ, ನಾನು ಹೇಳಲಾರೆ. ಶಾಲೆಗೆ ಕಳಿಸಿದ್ದರೆ ಇದೆಲ್ಲ ತಪ್ಪುತ್ತಿತ್ತು ಎಂಬ ವಾದವೂ ನನ್ನದಲ್ಲ. ಅದೇ ಪಾಠ ಕಲಿತ ಮಣಿಲಾಲ 1920ರಿಂದ ಸಾಯುವವರೆಗೂ ಆಫ್ರಿಕದಲ್ಲಿ ಅಪ್ಪನ ಪತ್ರಿಕೆ ನಡೆಸಿದರು, ದೇವದಾಸ ದೆಹಲಿಯಲ್ಲಿ ಹಿಂದೂಸ್ತಾನ್ ಟೈಮ್ಸ್‌ನ ಸಂಪಾದಕರಾದರು. ಅಪ್ಪನ ಪರವಾಗಿ ಅವರ ಹೆಸರು ಹೇಳಿ ವಾದ ಗೆಲ್ಲಬಹುದು. ಆದರೆ ಹಿರಿಯ ಮಗನ ದೂರಿಗೆ ತಮ್ಮಂದಿರ ಬದುಕು ಉತ್ತರವಾಗುವುದಿಲ್ಲ.

ಆದ್ದರಿಂದ "ನಿಮ್ಮ ಮಕ್ಕಳು ಓದುವುದು ಎಲ್ಲಿ" ಎಂದು ಕೇಳುವುದನ್ನು ಬಿಡಬೇಡಿ. ಸರ್ಕಾರಿ ಶಾಲೆ ಮುಚ್ಚುವ ಕಡತಕ್ಕೆ ಸಹಿ ಹಾಕಿ ಮಗನನ್ನು ವಿದೇಶಕ್ಕೆ ಹತ್ತಿಸಲು ವಿಮಾನ ನಿಲ್ದಾಣಕ್ಕೆ ಹೋಗುವವರನ್ನು ಕೇಳಲೇಬೇಕು. ಆದರೆ ಉತ್ತರ ಕೊಡಲು ಅಪ್ಪನೊಬ್ಬನನ್ನೇ ವೇದಿಕೆಗೆ ಕರೆಯಬೇಡಿ.

1911ರಲ್ಲಿ ಹರಿಲಾಲ ಜೋಹಾನ್ಸ್‌ಬರ್ಗ್ ಬಿಟ್ಟು ಅಹಮದಾಬಾದಿಗೆ ಬಂದ. ಮದುವೆಯಾಗಿ ಮಕ್ಕಳಿದ್ದ ಯುವಕ, ಆರು ಸಲ ಸೆರೆಮನೆ ಕಂಡವನು, ಮೀಸೆ ಮೂಡುತ್ತಿದ್ದ ಹುಡುಗರ ನಡುವೆ ಹೈಸ್ಕೂಲಿನ ಬೆಂಚಿನಲ್ಲಿ ಕುಳಿತ. ಮೆಟ್ರಿಕ್ ದಾಟಲೇಬೇಕು. ಸಂಸ್ಕೃತ ಬಿಟ್ಟು ಫ್ರೆಂಚ್ ತೆಗೆದುಕೊಂಡ. ಆಫ್ರಿಕದಿಂದ ಅಪ್ಪನ ಕಾಗದ ಬಂತು: ಫ್ರೆಂಚ್ ಯಾಕೆ, ಸಂಸ್ಕೃತ ಓದಬಾರದಿತ್ತೇ?